ಜೌಗು ಹಿಡಿದ ಕಾಲು

ಕಾಲು ತೆಗೆಯಬೇಕಾಗುತ್ತದೆ ಎಂದು ಆಕೆಗೆ ಯಾವ ವೈದ್ಯರೂ ಹೇಳಿರಲಿಲ್ಲ. ಹೇಳಿದ್ದು ಆಕೆಯ ಅತ್ತೆಯ ತಮ್ಮ, ಯಳಂದೂರಿನ ಹೋಟೆಲೊಂದರಲ್ಲಿ ದೋಸೆ ಹುಯ್ಯುವ ಮನುಷ್ಯ. ಆದರೆ ಆತ ಅದನ್ನು ಎಷ್ಟು ಖಡಾಖಂಡಿತವಾಗಿ ಹೇಳಿದ್ದನೆಂದರೆ, ಮೊದಲ ದಿನ ನನ್ನ ಕೋಣೆಗೆ ಬಂದ ಆಕೆ ಸ್ಟೂಲಿನ ಮೇಲೆ ಕೂರುವುದಕ್ಕೂ ಮೊದಲೇ ಕೇಳಿದಳು:

“ಸಿಸ್ಟ್ರಮ್ಮ, ಮಂಡಿ ಮ್ಯಾಲ್ಕೋ, ಕೆಳಕ್ಕೋ?”

“ಏನವ್ವ?”

“ಕತ್ರಿಸೋದು.”

ನಾನು ಕೊಳ್ಳೇಗಾಲದ ಒಂದು ಆಸ್ಪತ್ರೆಯಲ್ಲಿ ನರ್ಸು. ಗಾಯ ತೊಳೆದು ಕಟ್ಟು ಕಟ್ಟುವ ಕೋಣೆ ನನ್ನ ಪಾಲಿನದು. ಆ ಬಾಗಿಲಲ್ಲಿ ಹೆದರಿ ನಿಂತವರನ್ನು ನೋಡಿದ್ದೇನೆ, ಅಳುತ್ತ ನಿಂತವರನ್ನು ನೋಡಿದ್ದೇನೆ. ಈಕೆ ಗದ್ದೆಯ ಬದುವಿನ ಜಗಳಕ್ಕೆ ಬಂದವಳ ಹಾಗೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

“ಯಾಕಂದ್ರೆ ಕೆಳಕ್ಕಾದ್ರೆ ಮರದ ಕಾಲು ಹಾಕ್ಕಂಡಾದ್ರೂ ಬಾಣ್ಲೆ ಮುಂದೆ ನಿಂತ್ಕಬೋದಂತೆ. ಮ್ಯಾಲ್ಕಾದ್ರೆ ಆಗಲ್ವಂತೆ. ಯೋಳ್ಬುಡಿ, ನಾನು ಕೆಲ್ಸದ ಯಜಮಾನ್ರಿಗೆ ಯೋಳ್ಬೇಕು.”

“ಮೊದ್ಲು ಕೂತ್ಕೊ,” ಅಂದೆ. “ಈ ಕೋಣೇಲಿ ಇರೋದು ಬಟ್ಟೆ ಕತ್ತರಿಸೋ ಕತ್ತರಿ ಒಂದೇ. ಅದೂ ಮೊಂಡು.”

ಆಗ ನಕ್ಕಳು. ನಕ್ಕ ಮೇಲೆ ಕೂತಳು.

ಬಾಣಲೆ ಎಂದರೆ ಅಡುಗೆಮನೆಯದಲ್ಲ. ಆಕೆ ಕೊಳ್ಳೇಗಾಲದ ಒಂದು ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೆಲಸಕ್ಕಿದ್ದಳು. ಬೆಂದ ಗೂಡುಗಳು ಬಿಸಿನೀರಿನಲ್ಲಿ ತೇಲುವ ತೊಟ್ಟಿಯನ್ನು ಅಲ್ಲಿ ಬಾಣಲೆ ಅನ್ನುತ್ತಾರೆ. ಅದರ ಮುಂದೆ ನಿಂತು, ಒಂದೊಂದು ಗೂಡಿನ ಎಳೆ ಹುಡುಕಿ ಹಿಡಿದು, ಹಲವು ಎಳೆ ಕೂಡಿಸಿ, ಮೇಲೆ ತಿರುಗುವ ರಾಟೆಗೆ ಕೊಡಬೇಕು. ಎಳೆ ಕಡಿದರೆ ಮತ್ತೆ ಹುಡುಕಿ ಕೊಡಬೇಕು. ಬೆಳಗಿನಿಂದ ಸಂಜೆಯವರೆಗೆ ಕೈ ಓಡುತ್ತಲೇ ಇರುತ್ತದೆ. ಕಾಲು ಮಾತ್ರ ನೆಟ್ಟ ಗೂಟದ ಹಾಗೆ ನಿಂತಿರುತ್ತದೆ. ಕಿಟಕಿ ಪಕ್ಕದ ಬಾಣಲೆ ಆಕೆಯದು. ಅಲ್ಲಿ ಬೆಳಕು ಚೆನ್ನಾಗಿದೆ, ಗಾಳಿ ಬರುತ್ತದೆ, ಎಳೆ ಕಣ್ಣಿಗೆ ಸಿಗುತ್ತದೆ. ಅದಕ್ಕಾಗಿ ಅವಳು ವರ್ಷಗಟ್ಟಲೆ ಕಾದಿದ್ದಳು. ಈಗ ಅದರ ಮುಂದೆ ಬೇರೆ ಹೆಂಗಸೊಬ್ಬಳು ನಿಂತಿದ್ದಳು. ಕಾಲು ವಾಸಿಯಾಗುವವರೆಗೆ ಎಂಬ ಮಾತಿನ ಮೇಲೆ. ಅವಳನ್ನು ಸುಡುತ್ತಿದ್ದದ್ದು ಗಾಯಕ್ಕಿಂತ ಅದೇ.

ಸೀರೆ ಎತ್ತಿ ಕಾಲು ತೋರಿಸಿದಳು. ಎಡಗಾಲಿನ ಒಳಬದಿಯಲ್ಲಿ, ಹರಡಿನ ಮೂಳೆಯಿಂದ ಸ್ವಲ್ಪ ಮೇಲೆ, ಅಂಗೈಯಗಲದ ಹುಣ್ಣು. ಸುತ್ತಲಿನ ಚರ್ಮ ಕಂದುಗಟ್ಟಿ, ಮರದ ತೊಗಟೆಯ ಹಾಗೆ ಗಟ್ಟಿಯಾಗಿತ್ತು. ಹಳದಿ ನೀರು ಒಸರುತ್ತಲೇ ಇತ್ತು. ಅದರ ಮೇಲೆ ಅರಿಶಿನ, ಬೇವಿನೆಣ್ಣೆ, ತಂಗಡಿ ಸೊಪ್ಪಿನ ರಸ, ಯಾರೋ ಹೇಳಿದರೆಂದು ಮಾತ್ರೆಯ ಪುಡಿ, ಒಂದರ ಮೇಲೊಂದು ಬಿದ್ದಿದ್ದವು. ಮಂಡಿಯ ಕೆಳಗೆ ನೀಲಿ ನರಗಳು ಗಂಟುಗಂಟಾಗಿ ಎದ್ದಿದ್ದವು.

ನೋಡಿದ ಕೂಡಲೇ ನನಗೆ ನೆನಪಾದದ್ದು ನರ್ಸಿಂಗ್ ಪುಸ್ತಕವಲ್ಲ, ನಮ್ಮ ತಾತ.

ಯಳಂದೂರಿನ ಕಡೆಯ ನಮ್ಮೂರಿನಲ್ಲಿ ತಾತ ನೀರುಗಂಟಿ. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ನನಗೆ ಮಾತು ಬಂದದ್ದೇ ಅವನ ಹೆಗಲ ಮೇಲೆ ಕೂತು, ಕೆರೆಯ ಏರಿಯ ಮೇಲೆ ಅವನು ಎಲ್ಲರನ್ನೂ ಬೈಯುವುದನ್ನು ಕೇಳುತ್ತ. “ತೂಬು ಎತ್ತು ಅಂತ ಎಲ್ರೂ ಬತ್ತಾರೆ ಕಣವ್ವ. ಬಸಿಗಾಲ್ವೆ ಕೆತ್ತೋಕೆ ಬಾ ಅಂದ್ರೆ ಒಬ್ನಿಗೂ ಸೊಂಟ ಬಗ್ಗಲ್ಲ,” ಅನ್ನುತ್ತಿದ್ದ. ಹೆಚ್ಚಾದ ನೀರು ಹೊರಹೋಗುವ ಬಸಿಗಾಲುವೆ ಮುಚ್ಚಿಹೋದ ಗದ್ದೆ ಜೌಗು ಹಿಡಿಯುತ್ತದೆ. ನೀರು ನಿಂತಲ್ಲೇ ನಿಂತು ಮಣ್ಣು ಕೊಳೆಯುತ್ತದೆ, ಪೈರಿನ ಬುಡ ಹಳದಿಯಾಗುತ್ತದೆ. ಆಗ ರೈತ ಓಡಿಹೋಗಿ ಗೊಬ್ಬರ ತಂದು ಸುರಿಯುತ್ತಾನೆ. ತಾತನಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

ಈ ಕಾಲಿಗೂ ಆಗಿದ್ದು ಅದೇ. ಹೃದಯ ಒಂದೊಂದು ಬಡಿತಕ್ಕೂ ರಕ್ತವನ್ನು ಒತ್ತಿ ಅಪಧಮನಿಗಳಿಗೆ ದಬ್ಬುತ್ತದೆ. ಆ ಒತ್ತಡದಲ್ಲಿ ಅದು ಕಾಲ್ಬೆರಳ ತುದಿಯವರೆಗೂ ಬರುತ್ತದೆ. ಬಂದದ್ದು ಮೇಲಕ್ಕೆ ಹೋಗಬೇಕಲ್ಲ? ಕೂದಲೆಳೆಗಿಂತ ಸಣ್ಣ ನಾಳಗಳಲ್ಲಿ ನುಸುಳಿ ಅಭಿಧಮನಿಗೆ ಸೇರುವಷ್ಟರಲ್ಲಿ ಹೃದಯ ಕೊಟ್ಟ ನೂಕುಬಲ ಬಹುಪಾಲು ತೀರಿರುತ್ತದೆ. ಅಲ್ಲಿಂದ ಎದೆಯವರೆಗೆ ಏರು. ಆ ಏರಿಗೆ ರಕ್ತವನ್ನು ಎತ್ತುವುದು ಮೀನಖಂಡ. ನಡೆಯುವಾಗ ಅದು ಬಿಗಿದುಕೊಂಡು ಒಳಗಿನ ಅಭಿಧಮನಿಗಳನ್ನು ಹಿಂಡುತ್ತದೆ, ರಕ್ತ ಮೇಲಕ್ಕೆ ಚಿಮ್ಮುತ್ತದೆ. ಸಡಿಲವಾದಾಗ ರಕ್ತ ಕೆಳಕ್ಕೆ ಜಾರದ ಹಾಗೆ ನಾಳದೊಳಗಿನ ಪುಟ್ಟ ಕವಾಟಗಳು ಮುಚ್ಚಿಕೊಳ್ಳುತ್ತವೆ. ನಿಂತೇ ಇದ್ದರೆ ಹಿಂಡುವವರಿಲ್ಲ. ಈಕೆಯ ಕಾಲಿನಲ್ಲಿ ಕವಾಟಗಳೂ ಕೆಟ್ಟಿದ್ದವು. ಮೇಲೆ ಹೋದದ್ದು ವಾಪಸ್ಸು ಕೆಳಗೆ ಬೀಳುತ್ತಿತ್ತು. ಒತ್ತಡಕ್ಕೆ ನೀರು ನಾಳದ ಗೋಡೆ ದಾಟಿ ಚರ್ಮದಡಿ ಸೇರಿ, ಕಾಲು ಜೌಗು ಹಿಡಿದಿತ್ತು. ಎಂದೋ ತರಚಿದ ಒಂದು ಗೀರು ಮಾಯದೆ ಹುಣ್ಣಾಗಿತ್ತು. ಅರಿಶಿನ, ಸೊಪ್ಪಿನ ರಸವೆಲ್ಲ ಜೌಗು ಗದ್ದೆಗೆ ಸುರಿದ ಗೊಬ್ಬರ.

ಇದಕ್ಕೆ ಮದ್ದು ಬಿಗಿಯಾದ ಕಟ್ಟು. ಹೊರಗಿನಿಂದ ಒತ್ತಿಹಿಡಿದರೆ ಹಿಗ್ಗಿದ ನಾಳಗಳು ಕಿರಿದಾಗುತ್ತವೆ, ನೀರು ಒಳಕ್ಕೆ ಹೋಗುತ್ತದೆ, ಮೀನಖಂಡ ಹಿಂಡಿದ್ದು ದಂಡವಾಗುವುದಿಲ್ಲ. ನನ್ನ ಕೈ ಬಟ್ಟೆಯ ಸುರುಳಿಗೆ ಹೋಗಿಯೇಬಿಟ್ಟಿತ್ತು. ಒಳಗೆ ಬಂದ ವೈದ್ಯರು ತಡೆದರು.

“ಕೆಳಗೆ ಬರೋ ರಕ್ತ ಸರಿಯಾಗಿ ಬರ್ತಿದೆಯಾ ಅಂತ ಮೊದಲು ನೋಡೋಣ. ಅದೇ ಕಡಿಮೆ ಇದ್ದರೆ, ನಾವು ಬಿಗಿದು ಕಟ್ಟಿದ ಕಟ್ಟೇ ಕಾಲು ತೆಗೆಯುತ್ತೆ.”

ಅವರು ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ರಕ್ತ ಹರಿಯುವ ಸದ್ದು ಕೇಳಿಸುವ, ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕ ಡಾಪ್ಲರ್ ಯಂತ್ರ ತಂದರು. ಆಕೆಯನ್ನು ಮಲಗಿಸಿದೆವು. ಸ್ವಲ್ಪ ಹೊತ್ತು ಸುಮ್ಮನೆ ಇರಲು ಬಿಟ್ಟು, ತೋಳಿಗೆ ಬಿಪಿ ಪಟ್ಟಿ ಸುತ್ತಿ ಅಲ್ಲಿಯ ಒತ್ತಡ ನೋಡಿದೆವು. ಆಮೇಲೆ ಹುಣ್ಣಿನ ಮೇಲೆ ಸ್ವಚ್ಛ ಬಟ್ಟೆ ಹಾಸಿ, ಅದೇ ಪಟ್ಟಿಯನ್ನು ಕಣಕಾಲಿಗೆ ಸುತ್ತಿ, ಪಾದದ ಮೇಲೆ ಜೆಲ್ ಹಚ್ಚಿ, ಯಂತ್ರದ ಕಡ್ಡಿಯನ್ನು ಓರೆಯಾಗಿ ಇಟ್ಟರು. ತಡಕಾಡಿದ ಮೇಲೆ ಸದ್ದು ಸಿಕ್ಕಿತು: ಶುಯ್... ಶುಯ್... ಶುಯ್. ಪಟ್ಟಿಗೆ ಗಾಳಿ ತುಂಬಿದಾಗ ಸದ್ದು ನಿಂತಿತು. ನಿಧಾನವಾಗಿ ಗಾಳಿ ಬಿಟ್ಟಾಗ ಎಲ್ಲಿ ಮತ್ತೆ ಶುರುವಾಯಿತೋ ಅಲ್ಲಿ ಮುಳ್ಳು ನೋಡಿದರು. ತೋಳಿನ ಒತ್ತಡಕ್ಕೂ ಕಾಲಿನದಕ್ಕೂ ಹೆಚ್ಚು ಅಂತರವಿರಲಿಲ್ಲ.

“ತೂಬು ಚೆನ್ನಾಗಿದೆ,” ಅಂದೆ ನಾನು.

“ಏನು?”

“ಏನಿಲ್ಲ ಸಾರ್. ಕಟ್ಟು ಕಟ್ತೀನಿ.”

ಪಾದವನ್ನು ಕಾಲಿಗೆ ಲಂಬಕೋನದಲ್ಲಿ ಇಟ್ಟುಕೊಳ್ಳಬೇಕು. ಹುಣ್ಣನ್ನು ತೊಳೆದು, ಅಂಟದ ಜಾಳಿಗೆ ಬಟ್ಟೆ ಇಟ್ಟು, ಅದರ ಮೇಲೆ ಹತ್ತಿಯ ಸುರುಳಿ. ಮಂಡಿಯ ಕೆಳಗಿನ ಮುಂಬದಿಯ ಮೂಳೆಯ ಮೇಲೂ ಹರಡಿನ ಗಿಣ್ಣುಗಳ ಸುತ್ತಲೂ ಹತ್ತಿ ಜಾಸ್ತಿ. ಇಲ್ಲದಿದ್ದರೆ ಕಟ್ಟು ಅಲ್ಲೇ ಕಚ್ಚುತ್ತದೆ. ಆಮೇಲೆ ಎಳೆದರೆ ಹಿಗ್ಗುವ ಪಟ್ಟಿ. ಕಾಲ್ಬೆರಳ ಬುಡದಿಂದ ಮಂಡಿಯ ಕೆಳಗಿನವರೆಗೆ, ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು, ಎಲ್ಲೆಡೆ ಒಂದೇ ಎಳೆತ. ಕಣಕಾಲು ಸಣ್ಣದು, ಮೀನಖಂಡ ದಪ್ಪ. ಹಾಗಾಗಿ ಒಂದೇ ಎಳೆತಕ್ಕೂ ಕೆಳಗೆ ಒತ್ತಡ ಜಾಸ್ತಿ, ಮೇಲೆ ಹೋದ ಹಾಗೆ ಕಡಿಮೆ. ನೀರು ಮೇಲಕ್ಕೆ ಹೋಗುವುದು ಈ ಏರುಪೇರಿನಿಂದಲೇ. ಬೆರಳುಗಳು ಮಾತ್ರ ಹೊರಗೆ ಇರಬೇಕು.

“ಜೋಮು ಹಿಡಿದ್ರೆ, ಬೆರಳು ಬೆಳ್ಳಗೋ ನೀಲಿಗೋ ಆದ್ರೆ ಬಿಚ್ಚಿಬುಡು. ಇಲ್ದಿದ್ರೆ ನಾನು ಬಿಚ್ಚೋಗಂಟ ಮುಟ್ಬ್ಯಾಡ,” ಎಂದು ಹೇಳಿ ಕಳಿಸಿದೆ.

ಮುಂದಿನ ಸಲ ಬಂದಾಗ ಕಾಲಲ್ಲಿ ಕಟ್ಟಿರಲಿಲ್ಲ. ಕೈಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು: ಉದ್ದಕ್ಕೆ ಸೀಳಿದ ಪಟ್ಟಿ.

“ನಮ್ಮತ್ತೆ. ಕುಡ್ಲು ತಕಂಡು ಕುಯ್ದ್ಬುಟ್ಟದೆ.”

“ಬೆರಳು ನೀಲಿ ಆಗಿತ್ತಾ?”

“ಇಲ್ಲ. ನಾನು ಮಲ್ಗಿದ್ದೆ. ಕಣ್ ಬುಟ್ರೆ ಕಾಲ್ತಾವು ಕುಡ್ಲು ಹಿಡ್ಕಂಡು ಕೂತದೆ. ಅಯ್ಯೋ, ಕೊಲೇನೇ ಮಾಡ್ತದೆ ಅಂತ ಕಿರುಚ್ಕಂಡೆ.”

ನಗಬೇಕೋ ಬಿಡಬೇಕೋ ತಿಳಿಯದೆ ಮತ್ತೆ ಕಟ್ಟಿದೆ. ಅದೂ ಸೀಳಿಕೊಂಡೇ ಬಂತು. ಮೂರನೆಯ ಸಲ ಸಿಟ್ಟು ಬಂತು. ಬಂದ ಸಿಟ್ಟನ್ನು ಸೊಸೆಯ ಮೇಲೆ ತೀರಿಸಿಕೊಂಡು ಏನು ಪ್ರಯೋಜನ? ಕುಡುಗೋಲು ಇದ್ದ ಮನೆಗೇ ಹೋಗುವುದೆಂದು ತೀರ್ಮಾನಿಸಿದೆ. ವೈದ್ಯರನ್ನು ಡಾಪ್ಲರ್ ಕೇಳಿದೆ.

“ಮನೆಗಾ? ಅತ್ತೆ ಕುಡುಗೋಲು ಇಟ್ಕೊಂಡಿದ್ದಾರೆ ಅಂದ್ರಿ?”

“ನನ್ ಹತ್ರ ಮೊಂಡು ಕತ್ತರಿ ಇದೆ ಸಾರ್.”

ನಕ್ಕು ಯಂತ್ರ ಕೊಟ್ಟರು.

ರಜೆಯ ದಿನ ಹನೂರಿನ ಬಸ್ಸು ಹತ್ತಿ, ಕಾಮಗೆರೆ ದಾಟಿದ ಮೇಲೆ ಆಕೆ ಹೇಳಿದ ನಿಲ್ದಾಣದಲ್ಲಿ ಇಳಿದೆ. ಆಕೆಯ ಗಂಡ ಲಾರಿ ಕೆಲಸದ ಮೇಲೆ ಹೋಗಿದ್ದ. ಅತ್ತೆ ಜಗಲಿಯಲ್ಲಿ ಮೊರ ಇಟ್ಟುಕೊಂಡು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದರು. ತೆಳ್ಳನೆಯ, ನೆಟ್ಟಗೆ ಕೂತ ಹೆಂಗಸು. ತಲೆ ಎತ್ತಲಿಲ್ಲ.

“ನೀನೇನಾ ಕಾಲ್ಗೆ ಹಗ್ಗ ಬಿಗ್ಯೋಳು?”

“ನಾನೇ ಕಣಜ್ಜಿ.”

“ಬಸ್ಸಿಗೆ ಬಂದ್ಯಾ?”

“ಹೂಂ.”

“ಅದೇ ಬಸ್ಸಿಗೆ ಓಗು.”

ನಾನು ಜಗಲಿಯ ಮೇಲೆ ಕೂತು, ಮೊರದ ಇನ್ನೊಂದು ಕಡೆಯಿಂದ ಕಲ್ಲು ಆರಿಸತೊಡಗಿದೆ. ನಮ್ಮಜ್ಜಿ ಕಲಿಸಿದ ವಿದ್ಯೆ ಇದು: ಓಡಿಸುವವರ ಎದುರು ಕೈಗೆ ಕೆಲಸ ತೆಗೆದುಕೊಂಡುಬಿಡಬೇಕು, ಕೆಲಸ ಮಾಡುವವರನ್ನು ಎಬ್ಬಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಅರ್ಧ ಮೊರ ಹಸನಾಯಿತು. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಕೊನೆಗೆ ಅವರೇ ಹೇಳಿದರು. ಅವರ ತವರು ರಾಮಾಪುರದ ಆಚೆ, ಕಾಡಂಚು. ಅವರ ಅಣ್ಣನಿಗೆ ಹೊಲದಲ್ಲಿ ಹಾವು ಕಚ್ಚಿತು. ವಿಷ ಏರಬಾರದೆಂದು ಮೀನಖಂಡದ ಮೇಲೆ ಹಗ್ಗ ಬಿಗಿದರು. ಗಾಡಿ ಸಿಗುವುದು ತಡವಾಯಿತು. ದಾರಿಯುದ್ದಕ್ಕೂ ಯಾರೂ ಹಗ್ಗ ಸಡಿಲಿಸಲಿಲ್ಲ, ಸಡಿಲಿಸಿದರೆ ಸಾಯುತ್ತಾನೆಂಬ ಭಯ.

“ವಿಸ ಇಳೀತು. ಕಾಲು ಕಪ್ಪಾಯ್ತು. ಮೈಸೂರ್ನಲ್ಲಿ ಕತ್ರಿಸಿ ಕಳ್ಸುದ್ರು. ಆಮ್ಯಾಕೆ ಬದ್ಕಿರೋಗಂಟ ನಮ್ಮಣ್ಣ ಹಟ್ಟಿ ಬುಟ್ಟು ಈಚ್ಗೆ ಬರ್ನಿಲ್ಲ.” ಕೈಯಲ್ಲಿದ್ದ ಕಲ್ಲನ್ನು ಅಂಗಳಕ್ಕೆ ಎಸೆದರು. “ಆ ಹಗ್ಗ ಬಿಗ್ದೋರ ಪೈಕಿ ನಾನೂ ಒಬ್ಳು. ನೀನು ಓದ್ದೋಳು, ನಿಂಗೇನ್ ಗೊತ್ತು ಬಿಗ್ದ ಕಾಲು ಎಂಗಾಯ್ತದೆ ಅಂತ?”

ದೋಸೆಯ ತಮ್ಮನಿಗೆ ಕತ್ತರಿಸುವ ಮಾತು ಎಲ್ಲಿಂದ ಬಂತೆಂಬುದೂ ಆಗ ತಿಳಿಯಿತು. ಈ ಮನೆಯವರು ಕಟ್ಟು ಬಿಗಿದ ಒಂದು ಕಾಲನ್ನು ಕಣ್ಣಾರೆ ಕಂಡಿದ್ದರು. ಅವರಿಗೆ ನಾನು ಶರೀರಶಾಸ್ತ್ರ ಹೇಳಿ ಏನಾಗಬೇಕು?

“ಅಜ್ಜಿ, ನೀವೇಳಿದ್ದು ನಿಜ,” ಅಂದೆ. “ಹಗ್ಗ ಬಿಗಿದ್ರೆ ಕಾಲು ಹೋಗುತ್ತೆ. ಈ ಕಟ್ಟು ಹಗ್ಗ ಹೌದೋ ಅಲ್ವೋ ನೀವೇ ಪರೀಕ್ಷೆ ಮಾಡಿ. ಹಗ್ಗ ಅನ್ನಿಸಿದ್ರೆ ಕುಡ್ಲು ತನ್ನಿ, ನಾನೇ ಕುಯ್ತೀನಿ.”

ಸೊಸೆಯನ್ನು ಚಾಪೆಯ ಮೇಲೆ ಮಲಗಿಸಿ ಡಾಪ್ಲರ್ ತೆಗೆದೆ. ಅತ್ತೆ ಕಣ್ಣು ಕಿರಿದು ಮಾಡಿದರು.

“ಇದು ಬಸುರಿ ಹೊಟ್ಟೆ ಮ್ಯಾಲಿಟ್ಟು ಮಗೀನ ಸದ್ದು ಕೇಳೋ ಮಿಸೀನಲ್ವಾ?”

“ಅದರ ತಂಗಿ.”

“ಏನವ್ವ, ಇವ್ಳ ಕಾಲು ಬಸುರಾ?”

ಮಲಗಿದ್ದ ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಾದ ಅಲುಗಿ ಸದ್ದು ತಪ್ಪಿತು. ಮತ್ತೆ ಹುಡುಕಿದೆ. ಶುಯ್... ಶುಯ್... ಅತ್ತೆಯ ಮುಖದ ನಗು ಇಳಿಯಿತು.

“ಇದೇನು?”

“ನಿಮ್ ಸೊಸೆ ಎದೆ ರಕ್ತ ದಬ್ಬುತ್ತಲ್ಲ, ಅದು ಪಾದಕ್ಕೆ ಬಂದು ಮುಟ್ಟೋ ಸದ್ದು.”

ಬಿಪಿ ಪಟ್ಟಿಯನ್ನು ಕಣಕಾಲಿಗೆ ಸುತ್ತಿ ಗಾಳಿ ತುಂಬುತ್ತ ಹೋದೆ. ಸದ್ದು ಸಣ್ಣಗಾಯಿತು. ನಿಂತಿತು. ಅಂಗಳದಲ್ಲಿ ಕೋಳಿ ಕೆದಕುವುದು ಕೇಳುತ್ತಿತ್ತು.

“ಇದು ನಿಮ್ಮಣ್ಣನ ಹಗ್ಗ,” ಅಂದೆ.

ಗಾಳಿ ಬಿಟ್ಟೆ, ಸದ್ದು ವಾಪಸ್ಸು ಬಂತು. ಪಟ್ಟಿ ತೆಗೆದು, ಹುಣ್ಣು ತೊಳೆದು, ಹತ್ತಿ ಸುತ್ತಿ, ಹಿಗ್ಗುವ ಪಟ್ಟಿಯನ್ನು ಬೆರಳ ಬುಡದಿಂದ ಮಂಡಿಯ ಕೆಳಗಿನವರೆಗೆ ಸುತ್ತಿದೆ. ಪಾದದ ಮೇಲೆ ಒಂದು ಸುತ್ತನ್ನು ಸ್ವಲ್ಪ ಸರಿಸಿ ಕಡ್ಡಿ ಇಟ್ಟೆ. ಶುಯ್... ಶುಯ್... ಶುಯ್. ಮೊದಲಿನ ಹಾಗೆಯೇ.

“ಈಗ ಹೇಳಿ, ಇದು ಹಗ್ಗಾನಾ?”

ಅತ್ತೆ ಬಗ್ಗಿ ಕಿವಿಯನ್ನು ಯಂತ್ರಕ್ಕೆ ತಾಗಿಸಿ ಕೂತುಬಿಟ್ಟರು. ಎಷ್ಟು ಹೊತ್ತು ಕೂತರೆಂದರೆ ಬ್ಯಾಟರಿಯ ಚಿಂತೆ ಹತ್ತಿತು. ಆಮೇಲೆ ಸೆರಗಿನಿಂದ ಕಿವಿಯ ಜೆಲ್ ಒರೆಸಿಕೊಂಡು, “ಮಿಸೀನು ನೀನ್ ತಕಂಡು ಓಯ್ತೀಯ. ನಾಳೆ ನಂಗೆಂಗೆ ಗೊತ್ತಾಗ್ಬೇಕು?” ಎಂದರು.

ಸರಿಯಾದ ಪ್ರಶ್ನೆ. ಹೊರಗೆ ಕಾಣುವ ಹೆಬ್ಬೆರಳಿನ ಉಗುರನ್ನು ಒತ್ತಿ ತೋರಿಸಿದೆ: ಬೆಳ್ಳಗಾಯಿತು. ಬಿಟ್ಟೆ: ಕೂಡಲೇ ಕೆಂಪು ಮರಳಿತು. “ಕೆಂಪು ಬರೋದು ತಡ ಆದ್ರೆ, ಬೆರಳು ತಣ್ಣಗಾದ್ರೆ ಕುಡ್ಲು ಹುಡುಕಿ. ಅಲ್ಲೀಗಂಟ ಅದು ಹಿತ್ತಲಲ್ಲಿ ಇರಲಿ.” ತಾವೇ ಒತ್ತಿ ನೋಡಿದರು. ಪಕ್ಕದ ಬೆರಳು ಒತ್ತಿದರು. ತಮ್ಮ ಕಾಲಿನದೂ ಒತ್ತಿಕೊಂಡರು. ಹಿಂತಿರುಗುವ ಬಸ್ಸಿಗೆ ನಾನು ಹೊರಟಾಗ ಕೈಗೆ ಒಂದು ಚೀಲ ಹುರುಳಿ ಕೊಟ್ಟರು. “ಕಲ್ಲಿಲ್ಲ, ನೀನೇ ಆರ್ಸಿದ್ದು.”

ಅಲ್ಲಿಂದ ಮುಂದೆ ಕಟ್ಟು ಉಳಿಯಿತು. ಒಸರುವುದು ಕಡಿಮೆಯಾಯಿತು, ವಾಸನೆ ಇಳಿಯಿತು, ಹುಣ್ಣಿನ ತಳದಲ್ಲಿ ಕೆಂಪು ಚಿಗುರು ಕಂಡಿತು. ಆಮೇಲೆ ಏಕಾಏಕಿ ನಿಂತಿತು. ವಾರ ಕಳೆದು ವಾರ ಬಂದರೂ ಅಂಚು ಒಳಕ್ಕೆ ಬರಲೊಲ್ಲದು. ಕಾಲು ಮತ್ತೆ ಊದತೊಡಗಿತು.

ಕೇಳಿದರೆ, ಹಗಲೆಲ್ಲ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂರುತ್ತಾಳೆ. ವಿಶ್ರಾಂತಿ ಎಂದರೆ ಊರಿನ ಲೆಕ್ಕದಲ್ಲಿ ಅದು. ವೈದ್ಯರು ಹೇಳಿದ್ದು ಕಾಲನ್ನು ಎದೆಗಿಂತ ಎತ್ತರಕ್ಕೆ ಇಟ್ಟು ಮಲಗಲು.

“ಅಟ್ಟೊತ್ತು ಎಂಗ್ ಮಲ್ಗಾನ ಸಾ?” ಎಂದು ಆಕೆ ವೈದ್ಯರ ಮುಖಕ್ಕೇ ಕೇಳಿದಳು. “ದುಡಿಯೋ ಹೆಂಗ್ಸೊಬ್ಳು ಮಟಮಟ ಮಧ್ಯಾಹ್ನ ಕಾಲ್ ಎತ್ತಿ ಮಲ್ಗಿದ್ರೆ ಬೀದಿಯೋರೆಲ್ಲ ಬಂದು ಊದ್ಗಡ್ಡಿ ಹಚ್ತಾರೆ. ನನ್ನ ಬಾಣ್ಲೆಗೆ ಕಳ್ಸಿ. ನಾನು ಕೂತು ಕೊಳೆಯೋಳಲ್ಲ.”

“ನಿಂತು ನಿಂತೇ ಅಲ್ವಾ ಹೀಗಾಗಿದ್ದು?”

“ನಿಲ್ಲಾಕೆ ಬ್ಯಾಡ ಅಂದ್ರೆ ಕುಣೀತೀನಿ.”

ವೈದ್ಯರು ನನ್ನ ಕಡೆ ನೋಡಿದರು. ನನಗೆ ಹೊಳೆದದ್ದು ಅವರಿಗೂ ಹೊಳೆದಿತ್ತು ಅನ್ನಿಸುತ್ತದೆ. ಕಟ್ಟು ಗೋಡೆ ಇದ್ದ ಹಾಗೆ. ಗೋಡೆ ಒಂದೇ ನೀರೆತ್ತುವುದಿಲ್ಲ, ಒಳಗಿನಿಂದ ಮೀನಖಂಡ ಉಬ್ಬಿ ಆ ಗೋಡೆಗೆ ಒತ್ತಬೇಕು. ಕೂತ ಕಾಲಿನಲ್ಲಿ ಅದು ಸತ್ತ ಪಂಪು. ಮನೆಯಲ್ಲಿ ಕೂರಿಸುವುದರಿಂದ ನಾವು ಅವಳ ಬಸಿಗಾಲುವೆಯನ್ನು ಮತ್ತೆ ಮುಚ್ಚುತ್ತಿದ್ದೆವು.

“ಹಿಮ್ಮಡಿ ಎತ್ತಿ ಇಳಿಸೋದು ಬರುತ್ತಾ?” ವೈದ್ಯರು ಕೇಳಿದರು. ಮೇಜು ಹಿಡಿದು ತಾವೇ ಮಾಡಿ ತೋರಿಸಿದರು: ಮುಂಗಾಲ ಮೇಲೆ ಏಳುವುದು, ಇಳಿಯುವುದು. “ಎಳೆ ಕಡಿದಾಗಲೆಲ್ಲ ಇದನ್ನ ಮಾಡಬೇಕು. ನಡುವೆ ನಡೆದಾಡಬೇಕು, ಊಟದ ಹೊತ್ತಲ್ಲಿ ಕಾಲು ಎತ್ತಿ ಮಲಗಬೇಕು. ಕಟ್ಟು ಬಿಚ್ಚಬಾರದು. ಒಪ್ಪಿದರೆ ಕೆಲಸಕ್ಕೆ ಹೋಗು. ಹುಣ್ಣು ದೊಡ್ಡದಾದರೆ ನಿಲ್ಲಿಸ್ತೀನಿ.”

“ದೊಡ್ಡದಾಗಲ್ಲ,” ಅಂದಳು. ಅದು ಅವಳ ಕೈಲಿರುವ ವಿಷಯವೇ ಎಂಬಂತೆ.

ಘಟಕಕ್ಕೆ ಅವಳ ಜೊತೆ ನಾನೂ ಹೋದೆ. ಗೂಡು ಬೆಂದು ಒಳಗಿನ ಹುಳು ಬೆಂದ ನಾತ ಬೀದಿಯ ತಿರುವಿನಲ್ಲೇ ಎದುರುಗೊಂಡಿತು. ಯಜಮಾನರು ಬಾಗಿಲಿಗೆ ಬಂದು ಕಟ್ಟನ್ನು ನೋಡಿ ಮೂಗಿನ ಹತ್ತಿರ ಕೈ ಒಯ್ದರು. “ಬೇಜಾರ್ ಮಾಡ್ಕೋಬ್ಯಾಡವ್ವ. ಗಾಯ ವಾಸನೆ ಬತ್ತದೆ, ಮಿಕ್ಕೋರು ಕೆಲಸ ಮಾಡಲ್ಲ ಅಂತಾರೆ.”

“ಯಜಮಾನ್ರೇ,” ಎಂದಳು ಆಕೆ, “ಈ ಹುಳದ ನಾತದೊಳ್ಗೆ ನನ್ ಕಾಲಿನ ವಾಸ್ನೆ ಹುಡ್ಕಿದ ಮೂಗು ಯಾವ್ದು, ಕರೀರಿ. ಅದ್ಕೆ ನಾನೇ ಸರ ಹಾಕ್ತೀನಿ.”

ಒಳಗಿನಿಂದ ಹೆಂಗಸರು ಗೊಳ್ಳೆಂದರು. ಯಜಮಾನರೂ ಕೆಟ್ಟವರಲ್ಲ, ನಗು ತಡೆಯಲಾರದೆ ಪಕ್ಕಕ್ಕೆ ಸರಿದರು. ಆದರೆ ಷರತ್ತು ಹಾಕಿದರು: ಕಿಟಕಿಯ ಬಾಣಲೆ ಸದ್ಯಕ್ಕಿಲ್ಲ, ಮೂಲೆಯದು, ನೂಲಿನ ಗುಣಮಟ್ಟ ಕೆಟ್ಟರೆ ಮನೆಗೆ. ಆಕೆ ಮೂಲೆಗೆ ಹೋದಳು. ಕಿಟಕಿಯ ಕಡೆ ಒಮ್ಮೆ ನೋಡಿದ್ದನ್ನು ನಾನು ಕಂಡೆ.

ಸುಲಭವಾಗಿರಲಿಲ್ಲ. ಬಿಸಿನೀರು ಹಾರಿ ಕಟ್ಟು ತೊಯ್ಯುತ್ತಿತ್ತು. ಅದಕ್ಕೆ ಪ್ಲಾಸ್ಟಿಕ್ಕಿನ ಹೊದಿಕೆ ಮಾಡಿಕೊಟ್ಟೆ. ಹೊದಿಕೆಯೊಳಗೆ ಬೆವರಿ ತುರಿಕೆ ಎದ್ದಿತು. ಕೆಲಸ ಮುಗಿದ ಕೂಡಲೇ ತೆಗೆಯಲು ಹೇಳಿದೆ. ತುರುಬಿಗೆ ಸಿಕ್ಕಿಸುವ ಕಡ್ಡಿಯನ್ನು ಕಟ್ಟಿನೊಳಗೆ ತೂರಿಸಿ ಕೆರೆದುಕೊಂಡು ಬಂದ ದಿನ ನನ್ನಿಂದ ಚೆನ್ನಾಗಿ ಬೈಸಿಕೊಂಡಳು. ಆದರೆ ಊತ ಇಳಿಯಿತು. ಅಂಚಿನಿಂದ ತೆಳ್ಳನೆಯ, ಮುತ್ತಿನ ಬಣ್ಣದ ಹೊಸ ಚರ್ಮ ಒಳಕ್ಕೆ ಹರಿಯತೊಡಗಿತು. ಅಂಗೈಯಗಲದ್ದು ವೀಳ್ಯದೆಲೆಯಷ್ಟಾಯಿತು, ಆಮೇಲೆ ಹುಣಸೆಬೀಜದಷ್ಟಾಯಿತು.

ಒಂದು ದಿನ ಆ ದಾರಿಯಲ್ಲಿ ಹೋಗುವಾಗ ಘಟಕದೊಳಗೆ ಇಣುಕಿದೆ. ಸಾಲಿನ ಹೆಂಗಸರೆಲ್ಲ ಏಳುತ್ತಿದ್ದರು, ಇಳಿಯುತ್ತಿದ್ದರು. ಕೈ ಬಾಣಲೆಯಲ್ಲಿ, ಕಣ್ಣು ಎಳೆಯ ಮೇಲೆ, ಹಿಮ್ಮಡಿ ಮೇಲಕ್ಕೆ ಕೆಳಕ್ಕೆ. ಯಜಮಾನರು ನನ್ನನ್ನು ಕಂಡು ಹತ್ತಿರ ಬಂದರು. “ನೋಡವ್ವ, ನೋಡವ್ವ. ಕಾರ್ಖಾನೇನಾ ಇದು, ಗರಡಿಮನೇನಾ?” ಆಕೆ ಅಷ್ಟು ಹೊತ್ತಿಗೆ ಕಿಟಕಿಯ ಪಕ್ಕ ನಿಂತಿದ್ದಳು. ಅಲ್ಲಿದ್ದವಳೇ ಬಿಟ್ಟುಕೊಟ್ಟಳಂತೆ, ತನ್ನ ಕಾಲಿನ ಭಾರ ಇಳಿದದ್ದು ಈ ಕುಣಿತದಿಂದ ಎಂದು.

ಹುಣ್ಣು ಪೂರ್ತಿ ಮುಚ್ಚಿದ ಮೇಲೆ ಕಟ್ಟಿನ ಬದಲು ಬೆರಳಷ್ಟೇ ಹೊರಗೆ ಬಿಡುವ, ಮಂಡಿಯವರೆಗಿನ ಬಿಗಿ ಕಾಲುಚೀಲ ಹಾಕಿಕೊಳ್ಳಬೇಕೆಂದು ಕರೆಸಿ ತೊಡಿಸಿದೆ. ಕವಾಟಗಳು ಕೆಟ್ಟದ್ದು ಕೆಟ್ಟೇ ಇವೆ, ಚೀಲ ಬಿಟ್ಟರೆ ಹುಣ್ಣು ಮರಳುತ್ತದೆ. ಅವತ್ತು ಅತ್ತೆಯೂ ಬಂದಿದ್ದರು. ಅಕ್ಕನನ್ನು ನೋಡಲು ಬಂದಿದ್ದ ಯಳಂದೂರಿನ ತಮ್ಮನೂ ಜೊತೆಗಿದ್ದ. ಬಾಗಿಲಲ್ಲಿ ನಿಂತು ಸೊಸೆಯ ಕಾಲನ್ನು ದಿಟ್ಟಿಸಿದ. ಕಾಲು ಇತ್ತು, ಮಂಡಿಯ ಮೇಲೂ, ಕೆಳಗೂ.

“ವಾಸಿ ಆಯ್ತಲ್ಲ, ಇನ್ಯಾಕವ್ವ ಬಿಗಿ ಚೀಲ?” ಎಂದ ನನಗೆ. “ನಮ್ಮನೇಲಿ ಬಿಗ್ದಿದ್ದೇ ಸಾಕು. ನಮ್ಮಣ್ಣನ್ ಕಾಲು ಎಂಗೋಯ್ತು ಅಂತ ನಿಮ್ಗೆ ಗೊತ್ತಿಲ್ಲ. ತೆಗ್ಸಿ ಅದ್ನ.”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದರು.

“ಲೇ, ಬಾರ್ಲಾ ಇಲ್ಲಿ. ಬೆರಳು ಒತ್ತು.”

“ಏನಕ್ಕ?”

“ಒತ್ಲಾ!”

ಆತ ಸೊಸೆಯ ಹೆಬ್ಬೆರಳನ್ನು ಅಂಜುತ್ತ ಒತ್ತಿದ. ಬೆಳ್ಳಗಾಗಿ ಕೆಂಪಾಯಿತು. “ಕಂಡ್ಯಾ? ಅವತ್ತು ಅಣ್ಣಂದು ಇಂಗೆ ಒತ್ತಿ ನೋಡೋದು ಗೊತ್ತಿದ್ರೆ ನಾನೇ ಹಗ್ಗ ಬಿಚ್ತಿದ್ದೆ,” ಎಂದರು. “ಅದಿರ್ಲಿ. ನೀನು ದಿನಾ ಒಲೆ ಮುಂದೆ ಎಷ್ಟೊತ್ತು ನಿಂತಿರ್ತೀಯ?”

“ಬೆಳಗಿಂದ ಸಂದೇಗಂಟ. ಯಾಕೆ?”

“ಪಂಚೆ ಎತ್ತು.”

“ಅಕ್ಕಾ, ಆಸ್ಪತ್ರೇಲಿ—”

“ಎತ್ಲಾ, ಕಾಣೆನಾ ನಿನ್ನ!”

ಎತ್ತಿದ. ಮೀನಖಂಡದ ತುಂಬ ಹುರಿ ಹಗ್ಗದ ಹಾಗೆ ನೀಲಿ ನರಗಳು. ಹರಡಿನ ಮೇಲೆ ಚರ್ಮ ಕಂದುಗಟ್ಟತೊಡಗಿತ್ತು. ಆತನಿಗೂ ತನ್ನ ಕಾಲು ಆ ದಿನವೇ ಕಂಡ ಹಾಗಿತ್ತು.

ಸೊಸೆ ಸ್ಟೂಲಿನಿಂದ ಎದ್ದು ಜಾಗ ಬಿಟ್ಟಳು. “ಕೂತ್ಕಳಿ ಮಾವ,” ಅಂದಳು, ಮುಖದಲ್ಲಿ ನಗು ಒತ್ತಿಹಿಡಿದು. “ಮಂಡಿ ಮ್ಯಾಲ್ಕೋ, ಕೆಳಕ್ಕೋ?”

ಆತ ಕೂತ. ನಾನು ಹತ್ತಿಯ ಸುರುಳಿಗೆ ಕೈ ಹಾಕಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದು ತಡೆದರು.

“ಇರು ಸಿಸ್ಟ್ರಮ್ಮ, ಅದೇನ್ ಆತ್ರ? ಮೊದ್ಲು ಆ ಮಿಸೀನು ತಕಂಬಾ. ಇವ್ನ ಕಾಲು ಬಸುರೋ ಅಲ್ವೋ ಕೇಳ್ಬುಟ್ಟು ಆಮ್ಯಾಕೆ ಬಿಗಿ.”